ಅಪ್‌ಡೇಟ್: ಗದ್ದದ ಕೂದಲಿಗೆ ಯಾವ ಲೇಸರ್?

ಗದ್ದದ ಕೂದಲು ತೆಗೆಸಲು ಕಂದು ಚರ್ಮಕ್ಕೆ ಯಾವ ಲೇಸರ್ ಸೂಕ್ತ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಚರ್ಮರೋಗ ತಜ್ಞರನ್ನೂ ಕೇಳಿದ ಮೇಲೆ ತೀರ್ಮಾನವಾಗಿದ್ದು 1064 ನ್ಯಾನೋಮೀಟರ್ ತರಂಗಾಂತರದ (ಬೆಳಕಿನ ಅಲೆಯ ಉದ್ದ) ಎನ್‌ಡಿ-ಯಾಗ್. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರ್‌ನ ಬೆಳಕನ್ನು ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನೇ ಹೆಚ್ಚು ಹೀರಿಕೊಳ್ಳುತ್ತದೆ. ಸುಟ್ಟು ಕಪ್ಪು ಕಲೆ ಉಳಿಯುವ ಅಪಾಯ ಅಲ್ಲಿಂದಲೇ. "ಲೇಸರ್ ಇದೆ" ಅಂದರೆ ಸಾಲದು, ತರಂಗಾಂತರ ಎಷ್ಟು ಅಂತ ಕೇಳಿ.

ಥ್ರೆಡಿಂಗ್, ವ್ಯಾಕ್ಸಿಂಗ್ 4 ವಾರ ಮೊದಲೇ ನಿಲ್ಲಿಸಬೇಕು. ಶಾಖ ಬುಡಕ್ಕೆ ಇಳಿಯುವುದು ಕೂದಲಿನ ಮೂಲಕ. ಅದನ್ನೇ ಕಿತ್ತಿದ್ದರೆ ದುಡ್ಡು ದಂಡ. ಹಿಂದಿನ ದಿನ ಶೇವ್ ಮಾತ್ರ ಮಾಡಲೇಬೇಕು, ಇಲ್ಲದಿದ್ದರೆ ಮೇಲಿನ ಕೂದಲು ಸುಟ್ಟು ಚರ್ಮಕ್ಕೂ ಬಿಸಿ ತಾಗುತ್ತದೆ. (ಶೇವ್ ಮಾಡಿದರೆ ದಪ್ಪಗೆ ಬೆಳೆಯುತ್ತದೆ ಎಂಬುದು ಸುಳ್ಳು.)

ಮೊದಲು ದವಡೆಯ ಕೆಳಗೆ ಟೆಸ್ಟ್ ಪ್ಯಾಚ್ (ಸಣ್ಣ ಜಾಗದಲ್ಲಿ ಲೇಸರ್ ಪರೀಕ್ಷೆ) ಮಾಡಿಸಿ. ಕೆಲವೇ ನಿಮಿಷದಲ್ಲಿ ಪ್ರತಿ ಕೂದಲಿನ ಬುಡದ ಸುತ್ತ ಸಣ್ಣಗೆ ಕೆಂಪು ಊತ ಬಂದರೆ ಸರಿ. ಚರ್ಮ ಬೂದುಬಣ್ಣಕ್ಕೆ ತಿರುಗಿದರೆ, ಗುಳ್ಳೆ ಎದ್ದರೆ ಶಕ್ತಿ ಜಾಸ್ತಿಯಾಗಿದೆ. ಮುಖಕ್ಕೆ 4–6 ವಾರಕ್ಕೊಂದು ಸೆಷನ್, ಸಾಮಾನ್ಯವಾಗಿ 6–8 ಬೇಕು. ಬಿಳಿ ಕೂದಲಿಗೆ ಲೇಸರ್ ನಾಟುವುದಿಲ್ಲ. ಪಿಸಿಓಎಸ್ (ಹೆಂಗಸರಲ್ಲಿ ಹಾರ್ಮೋನು ಏರುಪೇರಾಗುವ ಸಮಸ್ಯೆ) ಇದ್ದರೆ ಅದರ ಚಿಕಿತ್ಸೆಯೂ ಜೊತೆಗೇ ನಡೆಯಬೇಕು, ಇಲ್ಲವಾದರೆ ಹೊಸ ಕೂದಲು ಬರುತ್ತಲೇ ಇರುತ್ತದೆ.