ಡಗ್ಲಸ್ ಕೋಟೆಯನ್ನು ಕಲ್ಲಿದ್ದಲಿಗೆ ಬಿಟ್ಟುಕೊಟ್ಟದ್ದು ಸರಿಯೇ?

ಬುರುಜು: ಸ್ಕಾಟ್ಲೆಂಡಿನ ಸೌತ್ ಲ್ಯಾನರ್ಕ್‌ಶೈರಿನಲ್ಲಿ ಡಗ್ಲಸ್ ಅನ್ನೋ ಸಣ್ಣ ಊರಿದೆ. ಹೋದ ತಿಂಗಳು ಹೋಗಿದ್ದೆ. ಕೋಟೆ ಇದ್ದ ಜಾಗದಲ್ಲಿ ಈಗ ಒಂದು ಮುರುಕು ಬುರುಜು ಮಾತ್ರ ನಿಂತಿದೆ. ಸೂರಿಲ್ಲ, ಕಲ್ಲಿನ ಸಂದಿಯಲ್ಲೆಲ್ಲ ಹುಲ್ಲು. ಪಕ್ಕದಲ್ಲಿದ್ದ ಬಂಗಲೆಯನ್ನು 1938ರಲ್ಲಿ ಕೆಡವತೊಡಗಿದರು. ತೋಟದ ಅಡಿಯಲ್ಲಿ ಕಲ್ಲಿದ್ದಲು ಅಗೆದು ನೆಲ ಕುಸಿದಿತ್ತು. ಅಗೆಯಲು ಒಪ್ಪಿದವರು ಮನೆಯ ಯಜಮಾನ, ‘ಅರ್ಲ್ ಆಫ್ ಹೋಮ್’ ಅನ್ನೋ ಬಿರುದಿನ ಶ್ರೀಮಂತರು. ಯಜಮಾನರೇ ಹೀಗೆ ಮಾಡಬಹುದಾ? ನನಗೆ ತುಂಬಾ ಸಂಕಟವಾಯಿತು.

ಗಣಿಯವನ ಮಗ: ಯಾಕೆ ಒಪ್ಪಿದರು ಅನ್ನೋದನ್ನೂ ನೋಡಿ. ಆಗ ಆ ಕಡೆ ಜನಕ್ಕೆ ಕೆಲಸವೇ ಇರಲಿಲ್ಲ. ಅವರಿಗೆ ಕೆಲಸ ಸಿಗಲಿ ಅಂತಲೇ ತೋಟ ಬಿಟ್ಟುಕೊಟ್ಟರು. ನಮ್ಮಪ್ಪ ಗಣಿಯಲ್ಲಿ ದುಡಿದವರು. ಕೆಲಸ ನಿಂತ ತಿಂಗಳು ಅಮ್ಮ ಅಕ್ಕಿ ಡಬ್ಬ ಅಲ್ಲಾಡಿಸಿ ನೋಡುತ್ತಿದ್ದದ್ದು ಇನ್ನೂ ಕಣ್ಣಮುಂದಿದೆ. ಅಂಥ ಮನೆಗಳ ಮುಂದೆ ಒಂದು ಬಂಗಲೆ ದೊಡ್ಡದಲ್ಲ.

ಹಳೇಕಲ್ಲು: ಹೋದದ್ದು ಹಳೇ ಕೋಟೆಯೂ ಅಲ್ಲ. ಅದು 1755ರಲ್ಲೇ ಸುಟ್ಟುಹೋಗಿತ್ತು. ಬುರುಜು ಅದರದ್ದು. ಡಗ್ಲಸ್‌ನ ಡ್ಯೂಕ್ 1757ರಲ್ಲಿ ಹೊಸ ಮನೆ ಶುರುಮಾಡಿದ. ಹೆಸರಾಂತ ವಾಸ್ತುಶಿಲ್ಪಿಗಳಾದ ಆಡಮ್ ಸೋದರರ ನಕ್ಷೆ. ಆರ್ಗೈಲ್ ಡ್ಯೂಕರ ಇನ್ವರೆರಿ ಕೋಟೆಗಿಂತ ದೊಡ್ಡದಾಗಬೇಕು ಅನ್ನೋ ಹಟ. 1761ರಲ್ಲಿ ಡ್ಯೂಕ್ ತೀರಿಕೊಂಡ, ಮನೆ ಅರ್ಧಕ್ಕೇ ನಿಂತಿತು.

ಬುರುಜು: ಅರ್ಧ ಆದರೇನು, ಆಡಮ್‌ರ ಕೈಕೆಲಸ ಅಲ್ವಾ? ಮನೆಯ ಕೆಳಗಿನ ಕಲ್ಲಿದ್ದಲನ್ನು ಕಂಬವಾಗಿ ಉಳಿಸಿ ಸುತ್ತ ಅಗೆಯೋ ಪದ್ಧತಿ ಆಗಲೂ ಇತ್ತು. ಕೂಲಿಯೂ ಸಿಗುತ್ತಿತ್ತು, ಮನೆಯೂ ಉಳಿಯುತ್ತಿತ್ತು.

ಗಣಿಯವನ ಮಗ: ಕಂಬ ಬಿಟ್ಟಷ್ಟೂ ಕಲ್ಲಿದ್ದಲು ಕಡಿಮೆ, ಕೆಲಸವೂ ಕಡಿಮೆ. ಆ ಲೆಕ್ಕ ಬಿಡಬೇಡಿ.

ಕಣಿವೆ: ಇದೇ ಮನೆತನದ ಜೇಮ್ಸ್ ಡಗ್ಲಸ್ 1307ರಲ್ಲಿ ತನ್ನ ಕೋಟೆಯನ್ನು ತಾನೇ ಸುಟ್ಟಿದ್ದ. ಆಗ ಅದು ಇಂಗ್ಲಿಷರ ಕೈಯಲ್ಲಿತ್ತು. ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಅವರ ಸೈನಿಕರು ಚರ್ಚಿನಲ್ಲಿದ್ದಾಗ ಮೇಲೆಬಿದ್ದ. ಆಮೇಲೆ ಕೋಟೆಯ ನೆಲಮಾಳಿಗೆಯಲ್ಲಿ ದವಸ ಸುರಿದು, ವೈನಿನ ಪೀಪಾಯಿ ಒಡೆದು, ಹೆಣಗಳನ್ನು ಅದರ ಮೇಲೆ ಹಾಕಿ ಬೆಂಕಿಯಿಟ್ಟ. ಬಾವಿಗೆ ಉಪ್ಪು, ಸತ್ತ ಕುದುರೆ. ಜನ ಇದನ್ನು ‘ಡಗ್ಲಸ್ ಉಗ್ರಾಣ’ ಅಂತಲೇ ಕರೆದರು. ಶತ್ರುವಿಗೆ ಸಿಗಬಾರದು ಅಂತ ಸುಟ್ಟವನನ್ನು ವೀರ ಅನ್ನುತ್ತೇವೆ. ಊರಿನವರ ಕೂಲಿಗಾಗಿ ಮನೆ ಬಿಟ್ಟವರನ್ನು ಬೈಯೋದು ನನಗೆ ಸರಿ ಕಾಣಲಿಲ್ಲ.

ಬುರುಜು: ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಊರಿನ ಸೇಂಟ್ ಬ್ರೈಡ್ ಚರ್ಚಿನಲ್ಲಿ ಅದೇ ಜೇಮ್ಸ್‌ನ ಕಲ್ಲಿನ ಮೂರ್ತಿ ಮಲಗಿದೆ. ಆದರೂ ಕೆಡವುವ ಮುಂಚೆ ಒಂದೊಂದು ಕೋಣೆಯನ್ನೂ ಅಳೆದು ಬರೆದಿಡಬೇಕಿತ್ತು. ಆ ಮಾತು ಮಾತ್ರ ನಾನು ಬಿಡೋದಿಲ್ಲ.