ಹೊಲದಲ್ಲಿ ಸಿಕ್ಕ ಕರಿ ಕಲ್ಲು: ಉಲ್ಕೆಯೋ, ಅದಿರೋ?

ಕೂಡ್ಲಿಗಿ ಹುಡುಗ:
ಸಂಡೂರು ಗುಡ್ಡದ ಬುಡದಲ್ಲಿ ನಮ್ಮ ಹೊಲ. ಕುಂಟೆ ಹೊಡೆಯುವಾಗ ಅಪ್ಪನಿಗೆ ಕರ್ರಗಿನ ಕಲ್ಲು ಸಿಕ್ಕಿದೆ. ಮೂಸಂಬಿಯಷ್ಟಿದೆ, ತೂಕ ಮಾತ್ರ 1.4 ಕೆಜಿ. ಹಳೇ ಸ್ಪೀಕರಿನ ಮ್ಯಾಗ್ನೆಟ್ ಅಂಟುತ್ತದೆ. ಸುದ್ದಿ ಹರಡಿ ಒಬ್ಬರು ಬಂದಿದ್ದರು. "ಇದು ಆಕಾಶದಿಂದ ಬಿದ್ದದ್ದು, ಅಕ್ಕಿ ಕಾಳನ್ನು ತನ್ನತ್ತ ಎಳೆಯೋ ರೈಸ್ ಪುಲ್ಲಿಂಗ್ ಪವರ್ ಇದೆ, ಕೊಳ್ಳೋ ಪಾರ್ಟಿ ಲಕ್ಷಗಟ್ಟಲೆ ಕೊಡುತ್ತೆ, ಮೊದಲು ಟೆಸ್ಟಿಂಗ್ ದುಡ್ಡು ಕಟ್ಟಿ" ಅಂದರು. ಅಪ್ಪ ಅರ್ಧ ಒಪ್ಪಿದ್ದಾರೆ. ಗೊತ್ತಿದ್ದವರು ಹೇಳಿ.

ಮಳೆಹನಿ:
ಒಂದು ಪೈಸೆ ಕೊಡಬೇಡಿ. ರೈಸ್ ಪುಲ್ಲಿಂಗ್ ಅನ್ನೋದೇ ಟೋಪಿ. ಪೊಲೀಸರು ಎಷ್ಟು ಜನರನ್ನು ಹಿಡಿದರೂ ನಿಂತಿಲ್ಲ.

ಗಣಿ ತಾತ:
ತಮ್ಮಾ, ನಾನು ಸಂಡೂರಿನ ಗಣಿಯಲ್ಲಿ ಅದಿರಿನ ಸ್ಯಾಂಪಲ್ ತೆಗೆಯುತ್ತಿದ್ದವನು. ಮ್ಯಾಗ್ನೆಟ್ಟನ್ನು ನಂಬಿ ಕೂರಬೇಡ. ಮ್ಯಾಗ್ನಟೈಟ್ ಅನ್ನೋ ಕಬ್ಬಿಣದ ಖನಿಜ ಬೆರೆತ ಅದಿರೂ ಅಂಟುತ್ತೆ. ಇನ್ನು ಉಲ್ಕೆಯಲ್ಲಿ ಲೋಹ ಕಡಿಮೆಯಾದರೆ ಮ್ಯಾಗ್ನೆಟ್ ಸರಿಯಾಗಿ ಅಂಟಲ್ಲ. 2008ರ ಸೆಪ್ಟೆಂಬರಿನಲ್ಲಿ ಹೊಸೂರಿನ ಹತ್ತಿರ ಸೂಳಗಿರಿಯಲ್ಲಿ ನೂರು ಕೆಜಿ ಮೀರಿದ ಉಲ್ಕಾಶಿಲೆ ಬಿತ್ತಲ್ಲ, ಅದು ಲೋಹದ ಅಂಶ ಕಡಿಮೆ ಇರುವ ಜಾತಿಯದು. 2022ರಲ್ಲಿ ಗುಜರಾತಿನ ದಿಯೋದರದಲ್ಲಿ ಬಿದ್ದದ್ದರಲ್ಲಂತೂ ಲೋಹ ಇನ್ನೂ ಅಪರೂಪ. ಅಂಟಿದ್ದೆಲ್ಲ ಉಲ್ಕೆಯಲ್ಲ, ಅಂಟದ್ದೆಲ್ಲ ನಮ್ಮ ನೆಲದ ಕಲ್ಲೂ ಅಲ್ಲ.

ಕಾಫಿ ಮಗ್ ಬೋರಲು ಹಾಕು. ತಳದಲ್ಲಿ ಹೊಳಪಿಲ್ಲದ ಬಿಳಿ ಉಂಗುರ ಇರುತ್ತೆ, ಅದರ ಮೇಲೆ ಕಲ್ಲನ್ನು ಒತ್ತಿ ಗೀಚು. ಕೆಮ್ಮಣ್ಣಿನ ಬಣ್ಣ ಬಂದರೆ ಹೆಮಟೈಟ್ ಅನ್ನೋ ಕಬ್ಬಿಣದ ಅದಿರು, ಕಪ್ಪು ಬಂದರೆ ಮ್ಯಾಗ್ನಟೈಟ್. ಉಲ್ಕಾಶಿಲೆ ತುಕ್ಕು ಹಿಡಿಯದೆ ಇದ್ದರೆ ಗೆರೆಯನ್ನೇ ಬಿಡಲ್ಲ. ಆಮೇಲೆ ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಚೆಲ್ಲಿದ ನೀರು ಅಳೆ. ಗ್ರಾಂ ತೂಕವನ್ನು ಆ ಮಿಲಿಲೀಟರಿನಿಂದ ಭಾಗಿಸು. ಸಾಮಾನ್ಯ ಉಲ್ಕಾಶಿಲೆ 3.5ರ ಆಸುಪಾಸು, ಕಬ್ಬಿಣದ ಉಲ್ಕೆ 7ರ ಮೇಲೆ.

ಕೂಡ್ಲಿಗಿ ಹುಡುಗ:
ತಾತ, ಗೆರೆ ಕೆಂಪು! ಚೆಲ್ಲಿದ ನೀರು 270 ಮಿಲಿ.

ಗಣಿ ತಾತ:
5.2 ಆಯ್ತು. ಹೆಮಟೈಟ್. ಮ್ಯಾಗ್ನೆಟ್ ಅಂಟಿದ್ದು ಒಳಗೆ ಸ್ವಲ್ಪ ಮ್ಯಾಗ್ನಟೈಟ್ ಬೆರೆತಿರೋದಕ್ಕೆ ಇರಬೇಕು. ಕಲ್ಲು-ಕಬ್ಬಿಣ ಬೆರೆತ ಉಲ್ಕೆಗಳೂ 5ರ ಹತ್ತಿರ ಬರುತ್ತವೆ, ಆದರೆ ಅವು ಹೀಗೆ ಕೆಂಪಗೆ ಗೀಚುವುದಿಲ್ಲ. ನಿಮ್ಮ ಗುಡ್ಡದ ಅದಿರೇ ಮಳೆನೀರಿಗೆ ಉರುಳಿ ಬಂದಿದೆ. ನಿಮ್ಮಪ್ಪನ ಕೈಯಲ್ಲೇ ಇನ್ನೊಂದು ಸಲ ಗೀಚಿಸು, ಬಾಯಲ್ಲಿ ಹೇಳಿದರೆ ನಂಬಲ್ಲ.

ಬಯಲುಸೀಮೆ:
ಸಾರ್, ನಮ್ಮ ಕೆರೆ ಏರಿ ಹತ್ತಿರ ಕರಗಿದ ಹಾಗಿರೋ ಕಪ್ಪು ಕಲ್ಲು ರಾಶಿ ಇದೆ. ಒಡೆದರೆ ಒಳಗೆಲ್ಲ ತೂತು ತೂತು. ಇದು?

ಗಣಿ ತಾತ:
ಅದು ಕಬ್ಬಿಣದ ಕಿಟ್ಟ, ಅದಿರು ಕರಗಿಸಿದಾಗ ಉಳಿಯೋ ಕಸ. ಉಲ್ಕಾಶಿಲೆಯ ಒಳಗೆ ಗುಳ್ಳೆಯ ತೂತು ತೀರಾ ಅಪರೂಪ, ಸಿಕ್ಕರೂ ರಾಶಿಗಟ್ಟಲೆ ಒಂದೇ ಕಡೆ ಇರಲ್ಲ. ಹಿಂದೆ ಅಲ್ಲಿ ಅದಿರು ಕರಗಿಸುವ ಕುಲುಮೆ ಇದ್ದಿರಬೇಕು. ಸುಟ್ಟ ಮಣ್ಣಿನ ಕೊಳವೆ ಚೂರು ಬಿದ್ದಿವೆಯಾ ನೋಡಿ, ತಿದಿಯ ಗಾಳಿ ಅದರಲ್ಲೇ ಒಳಗೆ ಹೋಗುತ್ತಿದ್ದದ್ದು. ಇದ್ದರೆ ಫೋಟೋ ಹಾಕಿ. ನನಗೆ ಉಲ್ಕೆಗಿಂತ ಅದರ ಮೇಲೇ ಆಸೆ.