ಎರಡು ನೆಟ್‌ವರ್ಕ್ ಕಾರ್ಡ್, 37 ಸೆಕೆಂಡ್ ವ್ಯತ್ಯಾಸ: ಯಾಕೆ?

ಗಿರಿ_ಚಿಕ್ಕಮಗಳೂರು: ನಮ್ಮ ಕಾಫಿ ಕ್ಯೂರಿಂಗ್‌ನಲ್ಲಿ ಒಂದು ಲಿನಕ್ಸ್ ಸರ್ವರ್ ಇದೆ. ಒಂದು ಕಾರ್ಡ್ ಆಫೀಸಿಗೆ, ಇನ್ನೊಂದು ಸಾರ್ಟಿಂಗ್ ಕ್ಯಾಮೆರಾಗೆ. ಕ್ಯಾಮೆರಾ ಕಡೆ ಪಿಟಿಪಿ (ನೆಟ್‌ವರ್ಕ್‌ನ ಗಡಿಯಾರಗಳನ್ನು ತುಂಬಾ ನಿಖರವಾಗಿ ಹೊಂದಿಸೋ ವಿಧಾನ) ಓಡುತ್ತಿದೆ. ಒಂದೇ ಮೂಟೆಗೆ ತೂಕದ ಚೀಟಿಯಲ್ಲಿ 10:20:05, ಫೋಟೋದಲ್ಲಿ 10:20:42. ಕಾರ್ಡ್ ಕೆಟ್ಟಿದೆಯಾ?

ಹೇಮಾವತಿ_ದಡ: ಕೆಟ್ಟಿಲ್ಲ. ಪಿಟಿಪಿ ಓಡೋದು ಟಿಎಐ (ಪರಮಾಣು ಗಡಿಯಾರಗಳ ಎಡೆಬಿಡದ ಎಣಿಕೆ) ಲೆಕ್ಕದಲ್ಲಿ, ಸಿಸ್ಟಮ್ ಗಡಿಯಾರ ಯುಟಿಸಿ (ದಿನಬಳಕೆಯ ಜಾಗತಿಕ ಸಮಯ) ಲೆಕ್ಕದಲ್ಲಿ. 2017ರ ಜನವರಿ 1ರಿಂದ ಅಂತರ 37 ಸೆಕೆಂಡ್. ಪಿಟಿಪಿ ಕಾರ್ಡ್ ಒಂದೊಂದಕ್ಕೂ ತನ್ನದೇ ಗಡಿಯಾರ ಇರುತ್ತದೆ. ನಿಮ್ಮ ಫೋಟೋ ಸಮಯ ಕಾರ್ಡಿನದು, ಚೀಟಿಯದು ಸಿಸ್ಟಮ್‌ನದು. ಪಿಟಿಪಿ4ಎಲ್ ಪ್ರೋಗ್ರಾಂ ಕಾರ್ಡಿನದನ್ನು ತಿದ್ದುತ್ತದೆ, ಅದಕ್ಕೆ ಸಿಸ್ಟಮ್ ಗಡಿಯಾರವನ್ನು ಹೊಂದಿಸಲು ಪಿಎಚ್‌ಸಿ2ಸಿಸ್ ಪ್ರೋಗ್ರಾಂ ಬೇಕು.

ಹಾಸನ_ನೆಟ್: "ತನ್ನದೇ ಗಡಿಯಾರ" ಅಂತ ಸುಮ್ನೆ ಹೆದರಿಸಬೇಡಿ. ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಸಿಸ್ಟಮ್ ಸಮಯ ಹೊಂದಿಸೋ ವಿಧಾನ) ಹಾಕಿದರೆ ಸಾಕು. ನಮ್ಮ ಹಾಸನದ ಎಂಸಿಎಫ್‌ನಿಂದಲೇ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ದೇಶಕ್ಕೆ ಸ್ಯಾಟಲೈಟ್ ಟೈಮ್ ಹೋಗುತ್ತದೆ.

ಬೇಲೂರು_ಸರ್ಕ್ಯೂಟ್: ದೇಶಕ್ಕೆ ಟೈಮ್? ಎಂಸಿಎಫ್ ಉಪಗ್ರಹಗಳ ಕಕ್ಷೆ, ಆರೋಗ್ಯ ನೋಡಿಕೊಳ್ಳುತ್ತದೆ. ದೇಶದ ಸಮಯ ಕಾಯೋದು ದೆಹಲಿಯ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ), ಸೀಸಿಯಂ ಪರಮಾಣು ಗಡಿಯಾರಗಳಿಂದ.

ಹಾಸನ_ನೆಟ್: ನಾವಿಕ್ (ಜಿಪಿಎಸ್ ತರಹದ ನಮ್ಮ ದೇಶದ ವ್ಯವಸ್ಥೆ) ಉಪಗ್ರಹಗಳಲ್ಲಿ ಪರಮಾಣು ಗಡಿಯಾರ ಇಲ್ವಾ? 2023ರ ಎನ್‌ವಿಎಸ್-01ನಲ್ಲಿ ನಮ್ಮ ದೇಶದ್ದೇ ರುಬಿಡಿಯಂ ಗಡಿಯಾರ. ಕಕ್ಷೆಗೆ ಏರಿಸಿದ್ದು ಹಾಸನದವರು. ಊರಿನ ಕೆಲಸವನ್ನು ಕೀಳು ಮಾಡಬೇಡಿ.

ಬೇಲೂರು_ಸರ್ಕ್ಯೂಟ್: ನಾನೂ ಇದೇ ಜಿಲ್ಲೆಯವನು. ಕೀಳು ಮಾಡಿದ್ದು ಎಲ್ಲಿ ಸ್ವಾಮಿ? ಉಪಗ್ರಹ ಏರಿಸೋದು ಬೇರೆ, ಸಮಯ ಕೊಡೋದು ಬೇರೆ. ನಾವಿಕ್‌ನ ಸಮಯ ನೋಡೋದು ಬೆಂಗಳೂರು ಹತ್ತಿರದ ಬ್ಯಾಲಾಳು ಇಸ್ರೋ ಕೇಂದ್ರ.

ಹಾಸನ_ನೆಟ್: ಆಗ ದೆಹಲಿ, ಈಗ ಬ್ಯಾಲಾಳು. ಒಂದು ಮಾತಿನ ಮೇಲೆ ನಿಲ್ಲಿ!

ಬೇಲೂರು_ಸರ್ಕ್ಯೂಟ್: ದೇಶದ್ದು ದೆಹಲಿ, ನಾವಿಕ್‌ದು ಬ್ಯಾಲಾಳು. ಎರಡು ಪ್ರಶ್ನೆಗೆ ಎರಡು ಉತ್ತರ. ಓದಿಕೊಂಡು ಬನ್ನಿ.

ಹೇಮಾವತಿ_ದಡ: "ಎನ್‌ಟಿಪಿ ಸಾಕು" ಅಂದವರೇ, ಅದು ಸಿಸ್ಟಮ್ ಗಡಿಯಾರವನ್ನು ಮಾತ್ರ ತಿದ್ದುತ್ತದೆ. ಕಾರ್ಡಿನ ಸ್ಟ್ಯಾಂಪ್ 37 ಮುಂದೆಯೇ ಇರುತ್ತದೆ. ಎನ್‌ಟಿಪಿ, ಪಿಎಚ್‌ಸಿ2ಸಿಸ್ ಎರಡೂ ಒಂದೇ ಗಡಿಯಾರವನ್ನು ಎಳೆದರಂತೂ ಅದು ಅತ್ತಿತ್ತ ಆಡುತ್ತದೆ. ಒಂದಕ್ಕೆ ಮಾತ್ರ ಬಿಡಿ.

ಮೂಡಿಗೆರೆ_ಕೋಡ್: ಇಷ್ಟೆಲ್ಲ ಯಾಕೆ? ಫೋಟೋ ಸಮಯದಿಂದ 37 ಕಳೆದರೆ ಮುಗಿಯಿತು ಅಲ್ವಾ?

ಹೇಮಾವತಿ_ದಡ: ಕಳೆಯಬೇಕು, ಆದರೆ 37 ಅಂತ ಕೋಡಿನಲ್ಲಿ ಬರೆದಿಡಬೇಡಿ. ಲೀಪ್ ಸೆಕೆಂಡ್ (ಭೂಮಿ ತಿರುಗೋದಕ್ಕೆ ಹೊಂದಿಸಲು ಯುಟಿಸಿಗೆ ಸೇರಿಸೋ ಸೆಕೆಂಡ್) ಸೇರಿದರೆ ಅದು ಬದಲಾಗುತ್ತದೆ. ಅಂತರ ಪಿಟಿಪಿಯ ಅನೌನ್ಸ್ ಸಂದೇಶದಲ್ಲೇ ಬರುತ್ತದೆ. ಅಲ್ಲಿಂದ ತಗೊಳ್ಳಿ.

ಗಿರಿ_ಚಿಕ್ಕಮಗಳೂರು: ಕ್ರೋನಿ (ಎನ್‌ಟಿಪಿ ಪ್ರೋಗ್ರಾಂ) ನಿಲ್ಲಿಸಿ ಪಿಎಚ್‌ಸಿ2ಸಿಸ್ ಹಾಕಿದೆ. ಫೋಟೋ ಸಮಯದಿಂದ ಸಂದೇಶದಲ್ಲಿ ಬರುವ ಅಂತರ ಕಳೆದೆ. ಈಗ ಚೀಟಿ, ಫೋಟೋ ಎರಡೂ 11:02:16.

ಹಾಸನ_ನೆಟ್: ಒಳ್ಳೇದಾಯ್ತು. ಆದರೆ ಎಂಸಿಎಫ್ ವಿಷಯ ಇನ್ನೂ ಮುಗಿದಿಲ್ಲ.